ವಾಲ್ವ್ ಅಕ್ಕೋರು

ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತಾಡಿದವರು ಅಕ್ಕೋರದು ಬಹಳ ಸೌಮ್ಯ ಸ್ವಭಾವ ಎಂದರು. ನಾನು ಕೆಮ್ಮಿದೆ. ಎರಡನೆಯವರು ಎದ್ದು, ಅಕ್ಕೋರು ಮಿತಭಾಷಿ, ತಮ್ಮ ಬಗ್ಗೆ ಒಂದು ಮಾತೂ ಹೇಳಿಕೊಂಡವರಲ್ಲ ಎಂದರು. ಈ ಸಲದ ಕೆಮ್ಮು ನಗೆಯಾಗಿ ಹೊರಬೀಳುವುದರೊಳಗೆ ಪಕ್ಕದಲ್ಲಿದ್ದ ನಮ್ಮವ್ವ ತೊಡೆ ಚಿವುಟಿದಳು. "ಸುಮ್ ಕುಂದ್ರು, ಮಂದಿ ನೋಡಾಕತ್ತಾರ." ಮೂರನೆಯವರು ಮೈಕು ಹಿಡಿದಾಗ ಅದು ಕೀಂಯ್ ಎಂದು ಕಿರುಚಿತು. ಆಮೇಲೆ ಅವರ ಭಾಷಣ ಮುಗಿಯುವವರೆಗೂ ಗುಂಯ್‌ಗುಡುತ್ತಲೇ ಇತ್ತು. ಅಷ್ಟಾದರೂ ಫೋಟೋದಲ್ಲಿದ್ದ ಅಕ್ಕೋರು ಇಳಿದು ಬಂದು ಆ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಲಿಲ್ಲ. ಅವರು ನಿಜಕ್ಕೂ ತೀರಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾದದ್ದು ಆವಾಗಲೇ.

ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಸುಳ್ಳು ಹೇಳುವುದಕ್ಕೆ ನನ್ನ ತಕರಾರಿಲ್ಲ. ನನ್ನ ಹೊಟ್ಟೆಪಾಡೇ ಇನ್ನೊಬ್ಬರ ಗಂಟಲಿನಲ್ಲಿ ಸುಳ್ಳು ಹೇಳುವುದು. ಕಲಬುರಗಿಯ ಮದುವೆ, ಕುಬಸ, ನಿವೃತ್ತಿ ಸಮಾರಂಭಗಳಲ್ಲಿ ನಿರೂಪಣೆ ಮಾಡುತ್ತೇನೆ, ನಡುನಡುವೆ ಮಿಮಿಕ್ರಿ. ಆಟೋದವರು, ದವಾಖಾನೆಯ ಚೀಟಿ ಬರೆಯುವವರು, ಊಟದ ಪಂಕ್ತಿಯಲ್ಲಿ ಮುನಿಸಿಕೊಂಡ ಬೀಗರು, ಎಲ್ಲರೂ ನನ್ನ ಗಂಟಲಿನ ಬಾಡಿಗೆದಾರರು. ಗಂಡು ನೋಡಲು ಬಂದ ಹೆಣ್ಣಿನ ಅಪ್ಪ ನನ್ನನ್ನು ನೋಡಿ ಚಹಾ ಅರ್ಧಕ್ಕೇ ಇಟ್ಟು ಎದ್ದದ್ದನ್ನೂ ಐಟಮ್ ಮಾಡಿಕೊಂಡಿದ್ದೇನೆ; ಅದಕ್ಕೇ ಚಪ್ಪಾಳೆ ಹೆಚ್ಚು. ಆದರೆ ಅಕ್ಕೋರನ್ನು ಮಿತಭಾಷಿ ಎಂದರೆ ಅವರು ಮಣ್ಣಿನೊಳಗಿಂದಲೇ ಎದ್ದು ತಿದ್ದುತ್ತಾರೆ. ತಮ್ಮ ಬಗ್ಗೆ ಅವರು ಹೇಳಿಕೊಂಡಷ್ಟನ್ನು ಇನ್ನಾರೂ ಹೇಳಲಾರರು. ಹೇಳಿಕೊಂಡದ್ದರಲ್ಲಿ ಬಹುಪಾಲು ಖರೆಯೂ ಆಗಿತ್ತು ಎನ್ನುವುದೇ ನಮ್ಮ ಓಣಿಯವರಿಗಿದ್ದ ದೊಡ್ಡ ತಾಪತ್ರಯ.

ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲಬುರಗಿಯ ಕೋಟನೂರಿನಲ್ಲಿ ನಮ್ಮ ಓಣಿಯ ತುದಿಯ ಮನೆ ಅವರದು. ನಿವೃತ್ತಿಯ ಮೇಲೆ ಮಂದಿ ಮೊಮ್ಮಕ್ಕಳನ್ನೋ ಹೂವಿನ ಗಿಡಗಳನ್ನೋ ಬೆಳೆಸುವಂತೆ ಅವರು ಹಳೆಯ ಆಂಪ್ಲಿಫೈಯರುಗಳನ್ನು ಬೆಳೆಸುತ್ತಿದ್ದರು. ಈಗಿನವಲ್ಲ, ಟ್ರಾನ್ಸಿಸ್ಟರ್ ಬರುವುದಕ್ಕೆ ಮುಂಚಿನ, ಗಾಜಿನ ವಾಲ್ವ್ ಇದ್ದಂಥವು. ವಾಲ್ವ್ ಎಂದರೆ ಸಣ್ಣ ಬಲ್ಬಿನಂಥ ಗಾಜಿನ ಬುರುಡೆ. ಒಳಗಿನ ತಂತಿ ಕೆಂಡದಂತೆ ಕಾದ ಮೇಲೆಯೇ ಸೆಟ್ಟು ಬಾಯಿ ಬಿಡುತ್ತದೆ, ಅಲ್ಲಿಯತನಕ ನಾವು ಸುಮ್ಮನೆ ಕೂತು ಕಾಯಬೇಕು. ಯಾರಾದರೂ ಅವಸರ ಮಾಡಿದರೆ ಅಕ್ಕೋರು ಹೇಳುವರು, "ಇವು ದೊಡ್ಡ ಮನಿ ಮಂದಿ ಇದ್ದಂಗ. ಎದ್ದ ಕೂಡ್ಲೆ ಮಾತಾಡಂಗಿಲ್ಲ." ಸ್ವತಃ ಅಕ್ಕೋರು ಕಣ್ಣು ಬಿಡುವುದಕ್ಕೆ ಮೊದಲೇ ಬಾಯಿ ಬಿಡುತ್ತಿದ್ದರು ಎಂದು ಅವರ ಮನೆಗೆ ಹಾಲು ಹಾಕುವವ ಹೇಳುತ್ತಿದ್ದ.

"ಹೈದರಾಬಾದಿನ್ಯಾಗ ಒಬ್ಬವ ಇದ್ದ, ಸೊಲ್ಲಾಪುರದಾಗ ಒಬ್ಬವ ಇದ್ದ. ಇಬ್ರೂ ಹೋಗ್ಯಾರ. ಈಗ ಈ ಭಾಗದಾಗ ವಾಲ್ವ್ ಅಂದ್ರ ನಾನೇ." ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದೆ ಗೆದ್ದವರ ಧಾಟಿಯಲ್ಲಿ ಹೇಳುತ್ತಿದ್ದರು. "ನನ್ನ ಕೈಯಾಗಿಂದ ಹೋದ ಸೆಟ್ ವಾಪಸ್ ಬಂದಿಲ್ಲ ತಮ್ಮಾ. ಒಂದು ಬಂದಿತ್ತು. ಅದೂ ಅವರ ಮನಿ ಇಲಿ ತಪ್ಪು, ನಂದಲ್ಲ."

ಅವರು ಕೆಲಸ ಮಾಡುವ ಭಂಗಿಯನ್ನು ನಾನು ಎಷ್ಟೋ ಸ್ಟೇಜಿನ ಮೇಲೆ ಮಾಡಿ ತೋರಿಸಿದ್ದೇನೆ. ಈ ಸೆಟ್ಟುಗಳ ಹೊಟ್ಟೆಯಲ್ಲಿ ಓಡುವ ಕರೆಂಟು ಮನೆಯ ಕರೆಂಟಿಗಿಂತ ಜೋರು. ಎರಡೂ ಕೈ ಒಳಗಿಟ್ಟರೆ ಎದೆಯ ಮೂಲಕವೇ ಹಾದು ಹೋಗುತ್ತದೆ. ಅದಕ್ಕೆ ಸೆಟ್ಟು ಚಾಲೂ ಇದ್ದಾಗ ಒಂದೇ ಕೈ ಒಳಗೆ ಹೋಗಬೇಕು, ಇನ್ನೊಂದು ಜೇಬಿನಲ್ಲಿರಬೇಕು ಎನ್ನುವುದು ಈ ವಿದ್ಯೆಯ ಮೊದಲ ಪಾಠವಂತೆ. ಸೀರೆಗೆ ಜೇಬೆಲ್ಲಿ? ಅಕ್ಕೋರು ಎಡಗೈಯನ್ನು ಸೊಂಟದಲ್ಲಿ ಸಿಕ್ಕಿಸಿದ ಸೆರಗಿನೊಳಗೆ ತುರುಕಿ, ಮೂಗಿನ ತುದಿಗೆ ಚಷ್ಮಾ ಇಳಿಸಿ, ಬಲಗೈಯೊಂದರಲ್ಲೇ ಮೀಟರಿನ ಕಡ್ಡಿ ಇಳಿಬಿಡುತ್ತಿದ್ದರು. ನೋಡಿದರೆ ಯಾರೋ ಹೊಟ್ಟೆನೋವಿನವರು ಹಾವಿನ ಹುತ್ತಕ್ಕೆ ಕೈ ಹಾಕಿದಂತಿತ್ತು. ಅವರ ಹಳೆಯ ವಿದ್ಯಾರ್ಥಿನಿಯರಿದ್ದ ಮದುವೆಯಲ್ಲಿ ನಾನಿದನ್ನು ಮಾಡಿದರೆ ಮದುಮಗಳೇ ಬಿದ್ದು ಬಿದ್ದು ನಗುತ್ತಿದ್ದಳು.

ಆದರೆ ಅವರ ಖರೆ ಖರೆ ವಿಶೇಷ ಬೇರೆ ಇತ್ತು. ಯಾರೇ ಸೆಟ್ಟು ತಂದರೂ ಮುಚ್ಚಳ ಬಿಚ್ಚುವುದಕ್ಕೆ ಮೊದಲು ಅಕ್ಕೋರು ಒಂದೇ ಮಾತು ಹೇಳುತ್ತಿದ್ದರು: "ಬಾಯಿಲೆ ಮಾಡಿ ತೋರ್ಸ್ರಿ."

ನಾನಿದನ್ನು ಮೊದಲು ನೋಡಿದ್ದು ಅವರ ಕಾಂಪೌಂಡಿನ ಆಚೆ ನಿಂತು. ತೊಗರಿ ವ್ಯಾಪಾರಿಯೊಬ್ಬರು, ಬೆರಳಿಗೊಂದು ಉಂಗುರ, ತಮ್ಮ ಮುತ್ಯಾನ ಕಾಲದ ಆಂಪ್ಲಿಫೈಯರನ್ನು ಕಾರಿನಲ್ಲಿ ತಂದಿದ್ದರು.

"ಆವಾಜ್ ಸರಿ ಇಲ್ರೀ," ಎಂದರು.

"ಹೆಂಗ ಅಂತದ?"

"ಖರಾಬ್ ಅಂತದ್ರೀ."

"ಖರಾಬ್ ಅಂತ ಯಾವ ಸೆಟ್ಟೂ ಅನ್ನಂಗಿಲ್ಲ. ಬಾಯಿಲೆ ಮಾಡಿ ತೋರ್ಸ್ರಿ."

ವ್ಯಾಪಾರಿ ಅತ್ತಿತ್ತ ನೋಡಿದರು. ಡ್ರೈವರನ್ನು ಕಾರಿನ ಕಡೆಗೆ ಕಳಿಸಿದರು. ಆಮೇಲೆ ತುಟಿ ಮುಂದೆ ಮಾಡಿ, ಸಣ್ಣಗೆ, "ಬುರ್... ಬುರ್... ಬುರ್..." ಎಂದರು.

"ಬುರ್ರೋ ಭುರ್ರೋ?"

"ಏನ್ರೀ ಹಂಗಂದ್ರ?"

"ಅಲ್ಪಪ್ರಾಣನೋ, ಮಹಾಪ್ರಾಣನೋ? ಸಾಲಿ ಕಲ್ತೀರಿಲ್ಲೋ?"

ವ್ಯಾಪಾರಿ ಕಣ್ಣು ಮುಚ್ಚಿ ನೆನಪಿಸಿಕೊಂಡು, ಎದೆಯಿಂದ, ಓಣಿಯ ನಾಯಿ ಎದ್ದು ಕೂರುವಂತೆ, "ಭುರ್, ಭುರ್" ಎಂದರು. ಅಕ್ಕೋರ ಮುಖ ಅರಳಿತು. "ಹಂಗ ಹೇಳ್ರಿ ಮತ್ತ. ಕಂಡೆನ್ಸರ್ ಒಣಗ್ಯಾದ. ಮುಂದಿನ ವಾರ ಬರ್ರಿ."

ಹೋಗುವಾಗ ವ್ಯಾಪಾರಿ ಬಾಗಿಲಲ್ಲಿ ನಿಂತು, ಇದಕ್ಕೆ ಬ್ಲೂಟೂತ್ ಕೂರಿಸಿಕೊಡಬಹುದೇ, ಫೋನಿನ ಹಾಡು ಬರುವಂತೆ, ಎಂದು ಕೇಳಿದರು. ಡಬ್ಬಿಗೆ ಸಣ್ಣದೊಂದು ತೂತು ಹೊಡೆದರೆ ಆದೀತು ಎಂದು ಬೆರಳಿನಿಂದ ಜಾಗವನ್ನೂ ತೋರಿಸಿದರು. ಅಕ್ಕೋರು ಆ ಬೆರಳನ್ನೇ ನೋಡಿದರು.

"ಸೊಸಿ ಬರ್ತಾಳಂತ ಮನಿ ಗ್ವಾಡಿ ಒಡೀತಾರೇನ್ರೀ? ಇದ್ದ ಬಾಗಲದಾಗೇ ಕರ್ಕೊಂಡು ಬರೂಣು ತಡೀರಿ."

ಹಿಂದೆ ಗ್ರಾಮಫೋನು ಜೋಡಿಸಲು ಬಿಟ್ಟಿದ್ದ ಜಾಗದಿಂದಲೇ ಅವರು ಬ್ಲೂಟೂತಿಗೆ ದಾರಿ ಮಾಡಿದರು. ಹಳೆಯ ಸೆಟ್ಟಿಗೆ ಹೊಸದೇನು ಸೇರಿಸಿದರೂ ನಾಳೆ ತೆಗೆದರೆ ಸೇರಿಸಿದ್ದ ಗುರುತೇ ಸಿಗಬಾರದು, ಅದು ಅವರ ಕಾಯಿದೆ. ವ್ಯಾಪಾರಿ ಬಂದು ಫೋನಿನಿಂದ ತಮಗೆ ಬೇಕಾದ ಹಾಡು ಹಚ್ಚಿ, ಹೆಂಗದ ರೀ ಎಂದು ಕೇಳಿದಾಗ ಅಕ್ಕೋರು ಹೇಳಿದ್ದಿಷ್ಟೇ: "ಸೆಟ್ ಬೇಷ್ ಅದ. ಹಾಡಿನ ಜವಾಬ್ದಾರಿ ನಂದಲ್ಲ."

ಇಷ್ಟು ಸಿಕ್ಕರೆ ನಾನು ಬಿಡುವೆನೇ? ಮಾರನೆಯ ದಿನವೇ ಓಣಿಯ ಮೂಲೆಯಲ್ಲಿ ಗೆಳೆಯರೆದುರು ವ್ಯಾಪಾರಿಯೂ ಆದೆ, ಅಕ್ಕೋರೂ ಆದೆ, ಎದ್ದು ಕೂತ ನಾಯಿಯೂ ಆದೆ. ಗೆಳೆಯರ ನಗೆ ಒಮ್ಮೆಗೇ ನಿಂತಾಗ ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇನ್ನೊಮ್ಮೆ ಮಾಡು," ಎಂದರು ಅಕ್ಕೋರು.

ಮಾಡಿದೆ. ಬೇರೆ ದಾರಿ ಇರಲಿಲ್ಲ.

"ನನ್ನ ಆವಾಜ್ ಸುಮಾರ ತೆಗ್ದಿ. ನಾ ಅಷ್ಟು ಮೂಗಿಲೆ ಮಾತಾಡಂಗಿಲ್ಲ. ಆ ವ್ಯಾಪಾರಿದು ಅಡ್ಡಿಯಿಲ್ಲ. ಸೆಟ್ಟಿಂದು ಮಾತ್ರ ಬರೋಬರಿ ತೆಗ್ದಿ ನೋಡು. ಬಾ ಒಳಗ, ಮಂಗ್ಯಾ."

ಅವತ್ತಿನಿಂದ ನನ್ನ ಹೆಸರು ಅದೇ. ಒಳಗೆ ಕೂರಿಸಿ ಒಂದು ಸೆಟ್ಟು ಹಚ್ಚಿದರು. ಇದೇನಂತದ, ಮಾಡು. ಮಾಡಿದೆ. ಇದು? ಅದನ್ನೂ ಮಾಡಿದೆ. ನನ್ನ ಬಾಯಿ ನೋಡಿ ಇಸ್ಕ್ರೂ ಹಿಡಿಯುತ್ತಿದ್ದರು. ಅಕ್ಕೋರ ಮನೆಯಲ್ಲಿ ನಿನಗೇನು ಕೆಲಸ ಎಂದು ಅವ್ವ ಕೇಳಿದರೆ, "ನಾ ಒದರ್ತೀನಿ, ಅವರು ರಿಪೇರಿ ಮಾಡ್ತಾರ" ಎನ್ನುತ್ತಿದ್ದೆ. "ಮೊದಲ ನಿನ್ನ ರಿಪೇರಿ ಮಾಡ್ಲಿ," ಎನ್ನುತ್ತಿದ್ದಳು ಅವ್ವ.

ಒಂದು ದಿನ ಕೆಲಸ ಮುಗಿದ ಸೆಟ್ಟಿಗೆ ಅಕ್ಕೋರು ಮುಚ್ಚಳ ಹಾಕುತ್ತಿದ್ದರು. ಸ್ಪೀಕರಿನಿಂದ ಸೂಜಿಯಂಥ ಒಂದು ಎಳೆ, ಸೀಂ ಎಂದು, ಎಳೆದುಕೊಂಡೇ ಬರುತ್ತಿತ್ತು. ಅಕ್ಕೋರು ಬೈಯುತ್ತಾರೆ ಎಂದು ಕಾದೆ. ಅವರು ಇಸ್ಕ್ರೂ ತಿರುವುತ್ತಲೇ ಇದ್ದರು, ಗುನುಗುತ್ತಲೂ ಇದ್ದರು.

"ಅಕ್ಕೋರೇ, ಅದು ಸೀಂ ಅನ್ನಾಕತ್ತದಲ್ರಿ."

ಕೈ ನಿಂತಿತು. "ಗೊತ್ತದ. ನಿನಗ ಕೇಳಸ್ತದೋ ಇಲ್ಲೋ ಅಂತ ಪರೀಕ್ಷಾ ಮಾಡಿದೆ," ಎಂದರು. ಮತ್ತೆ ಇಸ್ಕ್ರೂ ಬಿಚ್ಚಿದರು.

ಅವರಿಗೆ ಸಣ್ಣ ಆವಾಜುಗಳು ಕೇಳುತ್ತಿರಲಿಲ್ಲ. ಇಷ್ಟು ದಿನ ಅವರು ಸೆಟ್ಟನ್ನು ಕೇಳುತ್ತಿರಲಿಲ್ಲ, ನನ್ನ ಬಾಯಿಯನ್ನು ಕೇಳುತ್ತಿದ್ದರು. ನಾನು ಒದರುವುದು ಅವರಿಗೆ ಸರಿಯಾಗೇ ಮುಟ್ಟುತ್ತಿತ್ತು. ದವಾಖಾನೆಗೆ ಹೋಗಿ ಎಂದು ಮೆಲ್ಲಗೆ ಹೇಳಿ ನೋಡಿದೆ. ಮೆಲ್ಲಗೆ ಹೇಳಿದ್ದಕ್ಕೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ.

"ಹೋಗಿದ್ದೆ. ಕಿವಿಗೆ ಮಷೀನ್ ಹಾಕ್ಕೋರಿ ಅಂದ ಡಾಕ್ಟರ್. ಅದರೊಳಗ ಏನದ ಅಂತ ಕೇಳ್ದೆ. ಟ್ರಾನ್ಸಿಸ್ಟರೇ ಅದಾವಂತ. ಇಷ್ಟು ವರ್ಷ ವಾಲ್ವ್ ಮಾಡಿ ಕಡೀಕ ಕಿವ್ಯಾಗ ಟ್ರಾನ್ಸಿಸ್ಟರ್ ಇಟ್ಕೊಂಡು ಕುಂದ್ರಲೇನು?" ಆಮೇಲೆ ನನ್ನ ಕಡೆ ನೋಡದೆ ಹೇಳಿದರು, "ನನ್ನ ಮೂಗು ಮಾಡು, ನಡಿಗಿ ಮಾಡು. ಕಿವಿ ಸುದ್ದಿ ನಿನ್ನ ಐಟಮ್ಮಿನ್ಯಾಗ ಬರಬಾರದು. ಕಿವಿ ಇಲ್ಲದಾಕಿ ಆಂಪ್ಲಿಫೈಯರ್ ಮಾಡ್ತಾಳಂದ್ರ ಒಬ್ಬರೂ ಸೆಟ್ ತರಂಗಿಲ್ಲ."

ಬರಲಿಲ್ಲ. ನನ್ನ ಬಾಯಿಂದ ಹೊರಬೀಳದ ಒಂದೇ ಒಂದು ಸುದ್ದಿ ಕೋಟನೂರಿನಲ್ಲಿದ್ದರೆ ಅದು ಅದೇ.

ಕಮಲಾಪುರ ಅಕ್ಕೋರ ತವರು. ಹರೆಯದಲ್ಲಿ ಯಾವುದೋ ಮದುವೆಗೆ ಸ್ಪೀಕರ್ ಕಟ್ಟಲು ಇವರು ಬೇವಿನ ಮರ ಹತ್ತಿದ್ದರಂತೆ. ಹೆಣ್ಮಗಳಿಗ್ಯಾಕ ಕರೆಂಟಿನ ಉಸಾಬರಿ ಎಂದು ಹಿರಿಯರು ಕೆಳಗೆ ನಿಂತು ಕೂಗಿ ಇಳಿಸಿದ್ದರಂತೆ. ಮದುವೆಯಾಗಿ ಕಲಬುರಗಿಗೆ ಬಂದು, ಸಾಲಿ ಕಲಿಸಿ, ವಾಲ್ವಿನಲ್ಲಿ ಹೆಸರು ಮಾಡಿದ ಮೇಲೂ ಆ ಊರಿನಿಂದ ಒಂದು ಸೆಟ್ಟೂ ಅವರ ಟೇಬಲ್ಲಿಗೆ ಬಂದಿರಲಿಲ್ಲ. "ಬೀದರ ಒಪ್ಪೇದ, ರಾಯಚೂರ ಒಪ್ಪೇದ. ಕಮಲಾಪುರ ಒಂದು ಇನ್ನೂ ಮರದ ಕೆಳಗೇ ನಿಂತದ," ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು, ಆದರೆ ಆಗಾಗ ಎನ್ನುತ್ತಿದ್ದರು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಕಮಲಾಪುರದ ಭಜನಾ ಮಂಡಳಿಯ ಹಿರಿಯರೇ ಬಂದರು. ಊರೆಲ್ಲ ಅವರನ್ನು ಮುತ್ಯಾ ಎಂದೇ ಕರೆಯುತ್ತದೆ. ಜೊತೆಗೆ ಇಬ್ಬರು ಕಂಬಳಿಯಲ್ಲಿ ಸುತ್ತಿದ ಆಂಪ್ಲಿಫೈಯರನ್ನು ಕೂಸಿನಂತೆ ಎತ್ತಿಕೊಂಡಿದ್ದರು. ಚೀಲದ ತುಂಬ ಅಲ್ಲಿಯ ಕೆಂಪು ಬಾಳೆಹಣ್ಣು.

"ಮಂಡಳಿ ಹುಡುಗ್ರು ಹೊಸಾದು ತರೂಣು ಅಂತಾರವ್ವ," ಎಂದರು ಮುತ್ಯಾ. "ಇದು ಗುಂಯ್ ಅಂತದ, ಹಾಡಿನ ಮಾತೇ ತಿಳ್ಯಂಗಿಲ್ಲ. ನಮ್ಮಪ್ಪನ ಕಾಲದಿಂದ ಹಾಡೇದ ಇದು. ಶ್ರಾವಣದ ಮೊದಲನೇ ಸೋಮವಾರ ಗುಂಯ್ ಅನ್ನಲಿಲ್ಲಂದ್ರ ಇರ್ಲಿ ಅಂದಾರ. ಗುಂಯ್ ಅಂದ್ರ ಗುಜರಿಗೆ ಹಾಕ್ತಾರ."

"ನನ್ನ ಕಡೆ ಬರಾಕ ಇಷ್ಟು ವರ್ಷ ಬೇಕಾತೇನು ಮುತ್ಯಾ?"

"ನೀ ಮಾಡ್ತಿ ಅಂತ ಗೊತ್ತಿದ್ದಿಲ್ಲವ್ವ."

"ಹೈದರಾಬಾದಿಗೆ ಗೊತ್ತದ, ಕಮಲಾಪುರಕ್ಕ ಗೊತ್ತಿಲ್ಲ," ಎಂದು ಅಕ್ಕೋರು ಬಾಳೆಹಣ್ಣಿನ ಚೀಲವನ್ನು ಒಳಗಿಟ್ಟರು. ಮಂಡಳಿಯವರು ಹೋದ ಮೇಲೆ ಆ ಸೆಟ್ಟಿನ ಮುಂದೆ ಬಹಳ ಹೊತ್ತು ಕೂತಿದ್ದರು. "ಇದು ಅಲ್ಲಿ ಗುಂಯ್ ಅಂತೂ ಅಂದ್ರ ನಾ ಈ ಟೇಬಲ್ ಎತ್ತಿಸಿ ಬಿಡ್ತೀನಿ. ಬ್ಯಾರೆ ಊರಿನ್ಯಾಗ ಸೋತ್ರ ಸೋಲು. ತವರಿನ್ಯಾಗ ಸೋತ್ರ ಮತ್ತ ಮರ ಇಳಿದಂಗೇ," ಎಂದರು. ಅವರು ಹಾಗೆಲ್ಲ ಸೋಲಿನ ಮಾತಾಡಿದವರಲ್ಲ. ನಾನು ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ಬಾಳೆಹಣ್ಣು ಹಾಕಿಕೊಂಡು ಮುಚ್ಚಿದೆ.

ಮುಚ್ಚಳ ತೆಗೆದರೆ ಒಳಗೆ ಶಿವಗಣ. ಪ್ರತಿಯೊಂದು ವಾಲ್ವಿನ ಗಾಜಿನ ಹಣೆಗೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಪ್ರತಿ ವರ್ಷ ಆಯುಧ ಪೂಜೆಗೆ ಮಂಡಳಿಯವರು ಭಕ್ತಿಯಿಂದ ಬಿಚ್ಚಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಎಳೆದು, ಮತ್ತೆ ಮುಚ್ಚಿದ್ದರು. ವರ್ಷವರ್ಷದ ವಿಭೂತಿ ಕಾವಿಗೆ ಸುಟ್ಟು ಪದರ ಪದರ ಕೂತಿತ್ತು. ಗಾಜಿನ ಮೇಲೆ ಅಚ್ಚಾಗಿದ್ದ ನಂಬರು, ಯಾವುದು ಯಾವ ವಾಲ್ವ್ ಎಂದು ಹೇಳುವಂಥದ್ದು, ಆ ಮೂರು ಬೆರಳಿಗೇ ಅಳಿಸಿ ಹೋಗಿತ್ತು.

ಸ್ವತಃ ಹಣೆ ತುಂಬ ವಿಭೂತಿ ಧರಿಸುವ ಅಕ್ಕೋರು ಕೈ ಮುಗಿದರು. "ಶಿವನೇ, ನಿನ್ನ ಹೆಸರು ಹಚ್ಚಿ ಇವುಗಳ ಹೆಸರು ಅಳಸ್ಯಾರಲ್ಲೋ." ಆಮೇಲೆ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ತಗಡಿನ ಆಕಾರ ನೋಡಿ ಗುರುತಿಸಿದರು. ಸಾಲಿಯಲ್ಲಿ ಸಮವಸ್ತ್ರ ಹಾಕಿದ ಹುಡುಗಿಯರನ್ನು ಹಿಂದಿನಿಂದ ಜಡೆ ನೋಡಿ ಗುರುತಿಸುತ್ತಿದ್ದೆ, ಇದೇನು ಮಹಾ, ಎಂಬ ಬಡಾಯಿಯೂ ಜೊತೆಗೇ ಬಂತು.

ಸೆಟ್ಟು ಹಚ್ಚಿದರು. ನಾನು ಮಾಡಿ ತೋರಿಸಿದೆ: ಝುಂಯ್. ಕಂಡೆನ್ಸರುಗಳನ್ನು ಬದಲಿಸಿದರು. ಮತ್ತೆ ಹಚ್ಚಿದರು. ಝುಂಯ್ ಹೋಗಿತ್ತು, ಅದರ ಕೆಳಗೆ ಅಡಗಿದ್ದ ಇನ್ನೊಂದು, ಹೊಟ್ಟೆಯೊಳಗಿನದು, ಗುಂಂ ಎಂದು ಬೇರೆಯೇ ಕೇಳುತ್ತಿತ್ತು. ಅದನ್ನೂ ಮಾಡಿ ತೋರಿಸಿದೆ. "ಇದು ಮೊದಲಿನದಕ್ಕಿಂತ ತಳಕ್ಕ ಅದ. ವಾಲ್ವ್ ಕಾಯಿಸೋ ತಂತಿಂದು," ಎಂದು ಅಕ್ಕೋರು ಆ ತಂತಿಗಳನ್ನು ಹೊಸದಾಗಿ ಎಳೆದು, ಹಗ್ಗ ಹೊಸೆದಂತೆ ಒಂದಕ್ಕೊಂದು ಹೊಸೆದು, ಮೂಲೆಗೆ ಒತ್ತಿ ಕೂರಿಸಿದರು. ಸ್ಪೀಕರಿನ ಮುಂದೆ ಕೂತರೆ ಈಗ ಏನೂ ಇಲ್ಲ. ಅಕ್ಕೋರು ಕೈ ಒರೆಸಿಕೊಂಡರು. ನಾನು ಕಿವಿಯನ್ನು ಸ್ಪೀಕರಿಗೇ ಹಚ್ಚಿದೆ.

"ಇನ್ನೂ ಅದ ರೀ."

"ಇಲ್ಲ."

"ಅದ. ಗುಂಂ."

"ಮಂಗ್ಯಾ, ಆಟ ಹಚ್ಚೀಯೇನು? ಮಾಡೋದೆಲ್ಲಾ ಮಾಡೀನಿ. ನಾ ಮಾಡಿದ್ದರಾಗ ತಪ್ಪಿಲ್ಲ."

ದಿನವೆಲ್ಲ ನಕಲಿ ಆವಾಜು ಮಾಡುವವನಿಗೆ ಇರುವ ಶಾಪ ಇದು, ಅಸಲಿ ಹೇಳಿದ ದಿನ ನಂಬುವವರಿಲ್ಲ. ನಾನು ವಾದಿಸಲಿಲ್ಲ. ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತು ಅದು ಅಂದಷ್ಟೂ ಹೊತ್ತು ಅದರ ಜೊತೆಗೇ ಗುಂಂ ಎನ್ನುತ್ತ ಕೂತೆ. ಅವರು ಸ್ವಿಚ್ಚು ಆರಿಸಿದರೆ ನಿಲ್ಲಿಸಿದೆ. ಹಚ್ಚಿದರೆ, ಅದು ಕಾದ ಮೇಲೆ, ಶುರು ಮಾಡಿದೆ. ನನಗೆ ಕಾಣದಂತೆ ಪರದೆಯ ಹಿಂದಿನ ಸ್ವಿಚ್ಚಿನಿಂದ ಆರಿಸಿ ನೋಡಿದರು, ಆಗಲೂ ನಿಲ್ಲಿಸಿದೆ. ಕೊನೆಗೆ ಅವರು ಚಷ್ಮಾ ಇಳಿಸಿಕೊಂಡು ವಾಲ್ವುಗಳನ್ನೆಲ್ಲ ಕಿತ್ತರು. ವಾಲ್ವಿನ ಕಾಲು ಕೂರುವ ತೂತುಗಳ ಒಳಗೆ ಟಾರ್ಚು ಬಿಟ್ಟು ನೋಡಿ ನಕ್ಕರು.

"ಶಿವಾ, ನೀನೇ ಕುಂತು ಓಂ ಅನ್ನಾಕತ್ತೀಯೇನು?"

ಗಾಜಿನಿಂದ ಉದುರಿದ ವಿಭೂತಿ ಆ ತೂತುಗಳ ಸುತ್ತ ಇಳಿದು, ತೇವ ಹಿಡಿದು ಗಟ್ಟಿಯಾಗಿತ್ತು. ಕರೆಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಅದರ ಮೇಲಿಂದಲೇ ಕಳ್ಳದಾರಿ ಹಿಡಿದಿತ್ತು. ಬ್ರಷ್ಷು, ಸ್ಪಿರಿಟ್ಟು ಹಿಡಿದು ಅಕ್ಕೋರು ಪೂರಾ ತೊಳೆದರು. ಮತ್ತೆ ಹಚ್ಚಿದಾಗ ನಾನು ಕಿವಿ ಸ್ಪೀಕರಿಗೆ ಒತ್ತಿ, ಉಸಿರು ಹಿಡಿದು ಕೂತೆ. ನನ್ನ ಕಿವಿಯ ರಕ್ತ ಓಡುವುದಷ್ಟೇ ಕೇಳಿತು.

ಇನ್ನು ಮಂಡಳಿಯವರಿಗೆ ವಿಭೂತಿ ಹಚ್ಚಬೇಡಿ ಎನ್ನುವುದೇ? ಅಕ್ಕೋರು ಹಾಗೆ ಹೇಳುವವರಲ್ಲ. ವಾಲ್ವುಗಳ ಮೇಲೆ ಜಾಲರಿಯ ಮುಚ್ಚಳ ಕೂರಿಸಿದರು, ಕೆಂಡದ ಬೆಳಕು ಕಾಣುವಂತೆ, ಬೆರಳು ಹೋಗದಂತೆ. ಮುಂಭಾಗದಲ್ಲಿ ಹಳೆಯ ಇಸ್ಕ್ರೂ ಜಾಗಕ್ಕೇ, ಹೊಸ ತೂತು ಹೊಡೆಯದೆ, ಅಂಗೈಯಗಲದ ಹಿತ್ತಾಳೆ ತಗಡೊಂದನ್ನು ಹಾಕಿದರು. ಪೂಜೆ ಎಲ್ಲ ಅದಕ್ಕೆ. ದೇವರಿಗೂ ಸೆಟ್ಟಿಗೂ ನಡುವೆ ಅಷ್ಟು ಅಂತರ ಇರಲಿ ಎಂದರು.

ಸೋಮವಾರ ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆವು. ಸೆಟ್ಟಿಗೆ ಕಿಟಕಿಯ ಸೀಟು, ಅಕ್ಕೋರಿಗೆ ಅದರ ಪಕ್ಕದ್ದು, ನನಗೆ ಹಿಡಿದುಕೊಳ್ಳಲು ಕಂಬ. ಕಂಡಕ್ಟರ್ ಇದರ ಟಿಕೆಟ್ ಎಂದ.

"ಹೆಣ್ಮಕ್ಕಳಿಗೆ ಬಸ್ ಫ್ರೀ ಅದ ಇಲ್ಲೋ? ಇದೂ ನಮ್ಮೂರ ಹೆಣ್ಮಗಳೇ," ಎಂದರು ಅಕ್ಕೋರು.

"ಹಂಗಾದ್ರ ಅದರ ಆಧಾರ್ ಕಾರ್ಡ್ ತೋರ್ಸ್ರಿ," ಎಂದ ಅವನು. ನನಗಿಂತ ಚಲೋ ಟೈಮಿಂಗ್ ಇತ್ತು ಅವನದು. ಟಿಕೆಟ್ ತೆಗೆದುಕೊಂಡೆವು.

ಗುಡಿಯ ಪಕ್ಕದ ಪಡಸಾಲೆಯಲ್ಲಿ ಮಂಡಳಿಯವರೆಲ್ಲ ಸೇರಿದ್ದರು. ಹೊಸದು ತರೋಣ ಎಂದಿದ್ದ ಹುಡುಗರು ಕೈ ಕಟ್ಟಿಕೊಂಡು ಗೋಡೆಗೆ ನಿಂತಿದ್ದರು. ಒಂದು ಸ್ಪೀಕರು ಒಳಗೆ, ಒಂದು ಹಾರ್ನು ಗುಡಿಯ ಮಾಳಿಗೆಯ ಮೇಲೆ. ಅಕ್ಕೋರು ಮೈಕು ಜೋಡಿಸಿ, ಸೆಟ್ಟು ಹಚ್ಚಿದರು. ಜಾಲರಿಯೊಳಗೆ ವಾಲ್ವುಗಳು ಮೆಲ್ಲಗೆ ಕೆಂಪಾದವು. ಎಲ್ಲರೂ ಕಾದರು. ಏನೂ ಆಗಲಿಲ್ಲ.

"ಕರೆಂಟ್ ಬಂದಿಲ್ಲ ಅನಸ್ತದ," ಎಂದ ಒಬ್ಬ. ಇನ್ನೊಬ್ಬ ಹೋಗಿ ಪ್ಲಗ್ಗು ಅಲುಗಾಡಿಸಿದ. ಮೂರನೆಯವ ರೂಢಿಯಂತೆ ಬಂದು ಡಬ್ಬಿಯ ನೆತ್ತಿಗೆ ಎರಡು ಬಾರಿಸಿದ.

"ಕೈ ತಗಿ," ಎಂದರು ಅಕ್ಕೋರು.

ಮುತ್ಯಾ ಸ್ಪೀಕರಿಗೆ ಕಿವಿ ಹಚ್ಚಿ ತಲೆ ಅಲ್ಲಾಡಿಸಿದರು. "ಇದಕ್ಕ ಉಸಿರೇ ಇಲ್ಲಲ್ಲವ್ವ. ಮೊದಲಾದ್ರ ಹಚ್ಚಿದ ಕೂಡ್ಲೆ ಗುಂಯ್ ಅಂತಿತ್ತು, ಚಾಲೂ ಆತು ಅಂತ ತಿಳೀತಿತ್ತು. ಈಗ ಅದೂ ಹೋತು."

ಅಷ್ಟು ವರ್ಷ ಗುಂಯ್ ಕೇಳಿ ಕೇಳಿ ಆ ಊರಿಗೆ ಬೇನೆಯೇ ಜೀವದ ಗುರುತಾಗಿತ್ತು. ಹುಡುಗರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಗುಜರಿಗೇ ಅದು ಎಂದು ಯಾರೋ ಅಂದದ್ದು ಅಕ್ಕೋರಿಗೂ ಕೇಳಿಸುವಷ್ಟು ಜೋರಿತ್ತು.

ಅಕ್ಕೋರು ನನ್ನ ಕಡೆ ನೋಡಿದರು. ವಾಲ್ವು ಹೊತ್ತಿವೆ ಎಂದು ಅವರ ಕಣ್ಣು ಹೇಳುತ್ತಿತ್ತು. ಸೆಟ್ಟು ಸುಮ್ಮನಿದೆಯೋ, ಬಸ್ಸಿನ ಕುಲುಕಾಟಕ್ಕೆ ಮತ್ತೆ ಗುಂಯ್‌ಗುಡುತ್ತಿದೆಯೋ ಎಂದು ಹೇಳಬೇಕಾದ ಕಿವಿ ಹೇಳುತ್ತಿರಲಿಲ್ಲ. ಅಂಥ ಮುಖದ ಅಕ್ಕೋರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಷ್ಟು ಮಂದಿಯ ನಡುವೆ, ಜೋರಾಗಿ ಕೇಳಿದರು: "ಏನಂತದ? ಮಾಡಿ ತೋರ್ಸು."

ನಾನು ಬಾಯಿ ಮುಚ್ಚಿದೆ. ಮುಚ್ಚಿ ಹಾಗೇ ನಿಂತೆ.

"ಇವನ ಬ್ಯಾಟರಿನೂ ಹೋತು," ಎಂದ ಒಬ್ಬ. ಪಡಸಾಲೆ ನಕ್ಕಿತು. ನಾನು ತುಟಿ ಅಲುಗಿಸಲಿಲ್ಲ. ಅಕ್ಕೋರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಗೆ ಎಲ್ಲ ಇಳಿಯುವವರೆಗೂ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸೆರಗು ಸಿಕ್ಕಿಸಿ, ಮೈಕಿನ ಮುಂದೆ ಹೋದರು.

"ಕಮಲಾಪುರದ ಮಂದಿ," ಎಂದರು.

ಸ್ಪೀಕರಿಗೆ ಕಿವಿ ಹಚ್ಚಿದ್ದ ಮುತ್ಯಾ ಹಾರಿ ಹಿಂದೆ ಕೂತರು. ಗುಡಿಯ ಮೇಲಿನ ಪಾರಿವಾಳ ಎದ್ದವು. ಆ ಎರಡು ಶಬ್ದದ ಸುತ್ತ ಬೇರೆ ಏನೂ ಇರಲಿಲ್ಲ. ಅಕ್ಕೋರು ಪ್ರತಿಯೊಬ್ಬರ ಪಕ್ಕದಲ್ಲೂ ಕೂತು ಹೇಳಿದಂತಿತ್ತು.

"ಸೆಟ್ ಚಾಲೂ ಅದ. ನೀವು ಇಷ್ಟು ದಿನ ಕೇಳಿದ್ದು ಅದರ ಬ್ಯಾನಿ, ಅದರ ಉಸಿರಲ್ಲ." ಅವರು ಮುಂದೇನು ಹೇಳುತ್ತಾರೋ ನನಗೆ ಗೊತ್ತಿತ್ತು. ಹೈದರಾಬಾದಿನವ, ಸೊಲ್ಲಾಪುರದವ, ಈಗ ನಾನೇ. ಅವರು ಅದನ್ನು ಹೇಳಲಿಲ್ಲ. "ಇನ್ನೊಂದು ಮಾತು. ನನಗ ಸಣ್ಣ ಆವಾಜ್ ಈಗ ಕೇಳ್ಸಂಗಿಲ್ಲ. ವರ್ಷಾತು. ಕೈ ನಂದು. ಕಿವಿ ಈ ಹುಡುಗಂದು."

ಹುಡುಗರು ಕಟ್ಟಿದ ಕೈ ಬಿಚ್ಚಿದರು. ಮುತ್ಯಾ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೌದೇನಪಾ ತಮ್ಮಾ? ಏನ್ ಕೆಲ್ಸ ಮಾಡ್ತಿ ನೀ?"

ಈ ಪ್ರಶ್ನೆಗೆ ಯಾವಾಗಲೂ ನಾನು ಕೇಳಿದವರದೇ ಧ್ವನಿಯಲ್ಲಿ ಉತ್ತರ ಕೊಡುತ್ತೇನೆ, ಮಂದಿ ನಗುತ್ತಾರೆ. ಮುತ್ಯಾನ ಧ್ವನಿ ಗಂಟಲಿನಲ್ಲಿ ತಯಾರಾಗಿಯೂ ಇತ್ತು. ಆದರೆ ಹೊರಗೆ ಬಂದದ್ದು ನನ್ನದೇ.

"ಕೇಳ್ತೀನ್ರಿ," ಎಂದೆ.

"ಕೇಳಪಾ, ಕೇಳು. ಏನು ಬೇಕು ಬಾಯಿ ಬಿಟ್ಟು ಕೇಳು. ಮಂಡಳಿ ಇಲ್ಲ ಅನ್ನಂಗಿಲ್ಲ," ಎಂದರು ಮುತ್ಯಾ. ಪಡಸಾಲೆ ಮತ್ತೆ ನಕ್ಕಿತು. ನಾನೂ ನಕ್ಕೆ.

ಅಕ್ಕೋರು ನಗಲಿಲ್ಲ. ಮೈಕು ಇನ್ನೂ ಅವರ ಮುಂದೆಯೇ ಇತ್ತು. "ಅವ ಬೇಡಾಕ ಬಂದಿಲ್ಲ ಮುತ್ಯಾ," ಎಂದು, ಕಪ್ಪು ಹಲಗೆಯ ಮುಂದೆ ನಿಂತು ಕಠಿಣ ಪದದ ಅರ್ಥ ಹೇಳುವವರಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಇವ ಆಲಿಸ್ತಾನ."

ಆ ಮಾತು ಮಾಳಿಗೆಯ ಮೇಲಿನ ಹಾರ್ನಿನಿಂದ ಹೊರಟು ಸಂತೆಯ ಬಯಲಿನವರೆಗೂ ಹೋಯಿತು, ಹಿಂದೆ ಮುಂದೆ ಒಂದು ಗುಂಯ್ ಇಲ್ಲದೆ.